ಗುಂಡುತೋಪೂ ಪ್ರಾಥಮಿಕ ಪಾಠಶಾಲೆಯೂ

ಮೈಸೂರು ಸೀಮೆಯ ಗ್ರಾಮಗಳಲ್ಲಿ ಊರ ಹೊರಗಡೆ ಮಾವು, ನೇರಿಳೆ, ಹುಣಿಸೆ, ಹೊಂಗೆ, ಹಲಸು ಮೊದಲಾದ ಮರಗಳ ಗುಂಡುತೋಪೊಂದಿರುವುದು ಪೂರ್ವದಿಂದ ಬಂದ ವಾಡಿಕೆ. ದಾರಿಗರಿಗೆ ನೆರಳು, ದನಕರುಗಳಿಗೆ ವಿಶ್ರಾಂತಿ, ಊರಿಗೆ ಹಣ್ಣು ಮತ್ತು ಸೌದೆ, ಗದ್ದೆಗೆ ಹಸುರುಸೊಪ್ಪು ಇವೆಲ್ಲವೂ ಅದರಿಂದ ದೊರೆಯುತ್ತಿದ್ದುವು. ಈಚೆಗೆ ಎಷ್ಟೋ ಕಡೆಗಳಲ್ಲಿ ತೋಪೆಂಬುದು ಪಹಣಿಯಲ್ಲಿ ಮಾತ್ರವೇ ಉಳಿದಿದೆ. ಬಿದ್ದ ಮರದ ಸ್ಥಳದಲ್ಲಿ ಮತ್ತೊಂದನ್ನು ನೆಟ್ಟವರಿಲ್ಲ. ಪಕ್ಕದ ಹೊಲದ ಬದುವು ವರ್ಷವರ್ಷಕ್ಕೂ ಒಂದೊಂದು ಮಾರು ಒಳಕ್ಕೆ ಸರಿದಿರುತ್ತದೆ. ಬದುವಿಗೆ ಕಾಲು ಬರುವುದು ಹೇಗೆಂಬುದನ್ನು ಜಮೀನುದಾರರಿಗೆ ವಿವರಿಸಬೇಕಾದುದಿಲ್ಲ. ಇಂತಹ ಸಾರ್ವಜನಿಕ ಭೂಮಿಗಳನ್ನು ಆಕ್ರಮಣದಿಂದ ಬಿಡಿಸಿ ಗ್ರಾಮಕ್ಕೆ ಹಿಂತಿರುಗಿಸತಕ್ಕುದೆಂದು ಸರ್ವೋಚ್ಚ ನ್ಯಾಯಾಲಯವು 2011ನೆಯ ಇಸವಿ ಜನವರಿ 28ರಂದು ಎಲ್ಲ ರಾಜ್ಯಗಳಿಗೂ ನಿರ್ದೇಶವಿತ್ತಿತು. ಆದರೆ ತೋಪನ್ನು ದಿನವೂ ಬಳಸುವವರಿಲ್ಲದಿದ್ದರೆ ಬರಿಯ ಆಜ್ಞೆಯು ಅದನ್ನು ಕಾಯಲಾರದು.

ಹಾಗೆ ಬಳಸಲು ತಕ್ಕವರು ಊರಿನ ಪಾಠಶಾಲೆಯ ಮಕ್ಕಳು. ಮರದಡಿಯ ಪಾಠವು ನೂತನವಾದುದೇನೂ ಅಲ್ಲ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದ ಶಾಲೆಯನ್ನು ಆರಂಭಿಸಿ ಮರಗಳ ನೆರಳಿನಲ್ಲಿಯೇ ಪಾಠ ನಡೆಯಿಸಿದರು. 1937ರಲ್ಲಿ ವಾರ್ಧಾದಲ್ಲಿ ನೆರೆದ ಶಿಕ್ಷಣ ಸಮ್ಮೇಳನವು ಮಹಾತ್ಮಾ ಗಾಂಧಿಯವರ ಆಶಯದಂತೆ ಕೈಕೆಲಸದ ಮೂಲಕ ವಿದ್ಯೆಯನ್ನು ಕಲಿಸುವ ಪದ್ಧತಿಯನ್ನು ಅಂಗೀಕರಿಸಿತು.

ಮೊದಲು ಗಣಿತವನ್ನು ತೆಗೆದುಕೊಳ್ಳಬಹುದು. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂದರೆ 1,089 ಚದರಡಿ. ಅಂತಹ 40 ಗುಂಟೆ ಸೇರಿದರೆ ಒಂದು ಎಕರೆ. ಇದನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಗುಂಟೆ ಎಷ್ಟು ದೊಡ್ಡದೆಂಬುದು ತಿಳಿಯದಿರುವುದುಂಟು. 33 ಅಡಿಯ ಹಗ್ಗವೊಂದನ್ನು ಮಕ್ಕಳ ಕೈಗೆ ಕೊಟ್ಟು ತೋಪನ್ನು ಅಳೆಯಿಸಿದರೆ, ಉದ್ದಕ್ಕೆ 6 ಹಗ್ಗ, ಅಗಲಕ್ಕೆ 5 ಹಗ್ಗ ಬಂದಲ್ಲಿ 30 ಗುಂಟೆ, ಎಂದರೆ ಮುಕ್ಕಾಲು ಎಕರೆಯೆಂದು ತಾವಾಗಿಯೇ ಹೇಳುವರು. ಹಳೆಯ ಮೋಜಣಿಯ ಸರಪಳಿಯಲ್ಲಿ ಆ 33 ಅಡಿಯನ್ನು 16 ಆಣೆಗಳಾಗಿ ಭಾಗಿಸಿದ್ದರು. ಅದೇ ರೀತಿಯಲ್ಲಿ ಹಗ್ಗಕ್ಕೆ ಗಂಟು ಹಾಕಿದರೆ ಭಿನ್ನರಾಶಿಯ ಪಾಠವೂ ಆಗುವುದು. ಪ್ರತಿವರ್ಷವೂ ಹೀಗೆ ಅಳೆದು ಅಂಕೆಗಳನ್ನು ಶಾಲೆಯ ಗೋಡೆಯಲ್ಲಿ ಬರೆಯಿಸುತ್ತ ಬಂದರೆ ಬದುವಿನ ನಡಿಗೆಯೂ ನಿಲ್ಲುವ ಸಂಭವವಿದೆ. ಕೆಲವರಿಗೆ ಈ ಲೆಕ್ಕವು ರುಚಿಸಲಾರದು. ವಿವಾದ ಬಂದರೆ ಮಕ್ಕಳ ಹಗ್ಗವು ಪ್ರಮಾಣವಾಗದೆಂಬುದೂ ನಿಜವೇ. ಅದಕ್ಕೆ ಮೋಜಣಿದಾರರನ್ನೇ ಕರೆಯಿಸತಕ್ಕುದು.

ಮರದ ಎತ್ತರವನ್ನು ಏರದೆಯೇ ಅಳೆಯಬಹುದು. ಸಮನೆಲದಲ್ಲಿ ನೆಟ್ಟ 3 ಅಡಿಯ ಕೋಲಿಗೆ 2 ಅಡಿ ನೆರಳು ಬೀಳುವಾಗ ಮರದ ನೆರಳು 24 ಅಡಿ ಇದ್ದರೆ ಮರವು 36 ಅಡಿ. ಎರಡು ನೆರಳುಗಳನ್ನೂ ಏಕಕಾಲದಲ್ಲಿ ಅಳೆಯಬೇಕು.

ಮಳೆಯ ಲೆಕ್ಕವು ಜಮೀನುದಾರರಿಗೂ ಬೇಕಾದುದು. ನೆಟ್ಟಗೆ ಗೋಡೆಯುಳ್ಳ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು, ನಿಂತ ನೀರನ್ನು ಪ್ರತಿದಿನವೂ ಬೆಳಗ್ಗೆ ಅಳೆದು, ತಾರೀಖಿನೊಡನೆ ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆಯ ನಕ್ಷತ್ರವನ್ನೂ ಬರೆಯಿಸಬೇಕು. ಒಂದು ಚದರ ಮೀಟರಿನಲ್ಲಿ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು ನೀರು. ಎಕರೆಗೆ 4,047 ಚದರ ಮೀಟರುಗಳಾದುದರಿಂದ 25 ಮಿಲಿಮೀಟರು ಸುರಿದರೆ ಒಂದು ಲಕ್ಷ ಲೀಟರಿಗೂ ಮೇಲ್ಪಟ್ಟು ನೀರು ಆ ಎಕರೆಯ ಮೇಲೆ ಬಿದ್ದಂತಾಯಿತು. ಅದರಲ್ಲಿ ಎಷ್ಟು ಹಳ್ಳಕ್ಕೆ ಹೋಯಿತೆಂಬ ಪ್ರಶ್ನೆಯನ್ನು ಮಕ್ಕಳು ಮನೆಯಲ್ಲಿಯೂ ಕೇಳುವರು. ಕೀಟನಾಶಕದ ಬರಿಡಬ್ಬಿಯನ್ನು ಈ ಕೆಲಸಕ್ಕೆ ಎಂದಿಗೂ ಕೊಡಕೂಡದು.

ಪರಿಸರ ಅಧ್ಯಯನಕ್ಕೆ ತೋಪೇ ಪುಸ್ತಕ. ಅಂಚಿನಲ್ಲಿ ಒಂದು ಸಾಲು ಅಲಸಂದೆಯನ್ನು ಬಿತ್ತಿ, ಹೂವಿಗೆ ಬರುವ ವೇಳೆಗೆ ಗಿಡವೊಂದನ್ನು ಮೆಲ್ಲನೆ ಮಣ್ಣುಸಹಿತವಾಗಿ ಎತ್ತಿ ತೊಳೆದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುವುವು. ಗಂಟನ್ನು ಸೀಳಿದಾಗ ಒಳಗೆ ನಸುಗೆಂಪಾಗಿದ್ದರೆ, ಅದರೊಳಗಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿವೆ ಎಂದು ತಿಳಿಯಬೇಕು. ರಾಗಿಯೊಡನೆ ಅವರೆಯನ್ನು ಅಕ್ಕಡಿ ಹಾಕುವ ಹಿರಿಯರ ಪದ್ಧತಿಗೆ ಇದೂ ಒಂದು ಕಾರಣವೆಂಬುದು ಮಗುವಿಗೆ ಆಗ ಹೇಳದೆಯೇ ಹೊಳೆಯುತ್ತದೆ. ಅತ್ತಿಯ ಕಾಯೊಳಗಿನ ಹುಳುಗಳನ್ನು ಕಂಡು ಅಸಹ್ಯಪಡುವ ಮಕ್ಕಳು, ಆ ಚಿಕ್ಕ ಕಣಜಗಳಿಲ್ಲದೆ ಅತ್ತಿಯಲ್ಲಿ ಬೀಜ ಕಟ್ಟದೆಂದು ಕೇಳಿದೊಡನೆ ಅವನ್ನು ಎಣಿಸಲು ತೊಡಗುವರು. ಮಳೆಗಾಲದಲ್ಲಿ ಗೀಜಗನ ಗಂಡುಹಕ್ಕಿ ಗೂಡು ನೇಯುವುದನ್ನೂ, ಹೆಣ್ಣು ಬಂದು ಪರೀಕ್ಷಿಸುವುದನ್ನೂ ನೋಡಿ ಬಂದವರಿಗೆ ಪ್ರಬಂಧದ ವಿಷಯವನ್ನು ಉಪಾಧ್ಯಾಯರು ಹುಡುಕಬೇಕಾದುದಿಲ್ಲ.

ಮಕ್ಕಳನ್ನು ಓದುವುದಕ್ಕೆ ಕಳುಹಿಸಿದ್ದೇವೆ, ಮರ ನೋಡುವುದಕ್ಕಲ್ಲ ಎಂಬ ಆಕ್ಷೇಪವು ಬರುವುದು ಸಹಜ. ಕೆಲವೆಡೆ ತೋಟದ ಪಾಠವೆಂಬ ಹೆಸರಿನಲ್ಲಿ ಕಳೆ ಕೀಳಿಸುವುದೂ ನೀರು ಹೊರಿಸುವುದೂ ನಡೆದಿರುವುದರಿಂದ ಈ ಆಕ್ಷೇಪಕ್ಕೆ ಆಧಾರವಿಲ್ಲದೆಯೂ ಇಲ್ಲ. ತೋಪಿನಿಂದ ಬಂದ ಮಗುವಿನ ಪುಸ್ತಕದಲ್ಲಿ ಆ ದಿನ ಒಂದು ಲೆಕ್ಕವಾಗಲಿ, ಚಿತ್ರವಾಗಲಿ, ನಾಲ್ಕು ಸಾಲು ಬರಹವಾಗಲಿ ಇಲ್ಲದಿದ್ದರೆ ಅದು ಪಾಠವಲ್ಲ; ಗ್ರಾಮದ ಮುಖಂಡರು ಇದನ್ನು ಕೇಳಿ ನೋಡಬಹುದು.

ಮುಖಂಡರಿಂದ ಆಗಬೇಕಾದುದು ಹೆಚ್ಚಿನ ವೆಚ್ಚದ ಕೆಲಸವೇನಲ್ಲ. ಹಾಳುಬಾವಿಯನ್ನೂ ಬಿಟ್ಟುಹೋದ ಕೊಳವೆಬಾವಿಯನ್ನೂ ಭದ್ರವಾಗಿ ಮುಚ್ಚಿಸಬೇಕು, ಒಣಕೊಂಬೆಗಳನ್ನು ಕಡಿಸಬೇಕು, ಹೆಜ್ಜೇನು ಕಟ್ಟಿರುವ ಮರದ ಬಳಿಗೆ ಮಕ್ಕಳು ಹೋಗದಂತೆ ನೋಡಬೇಕು. ನೆರೆಯ ಹೊಲದವರು ಔಷಧ ಸಿಂಪಡಿಸುವ ದಿವಸವನ್ನು ಶಾಲೆಗೆ ಮುಂದಾಗಿ ತಿಳಿಸತಕ್ಕುದು. ಹಾವು ಕಚ್ಚಿದಲ್ಲಿ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಇವಾವುದನ್ನೂ ಮಾಡದೆ ನೇರವಾಗಿ ಆಸ್ಪತ್ರೆಗೆ ಸಾಗಿಸಬೇಕು.

ತೋಪು ಬರಿದಾಗಿರುವ ಊರುಗಳಲ್ಲಿ ಬೇಸಗೆಯಲ್ಲಿಯೇ ಗುಂಡಿ ತೆಗೆಯಿಸಿ, ಮುಂಗಾರಿನ ಮಳೆ ಬಿದ್ದೊಡನೆ ಸಸಿ ನೆಟ್ಟು ಮುಳ್ಳುಬೇಲಿ ಕಟ್ಟುವುದು ಒಳ್ಳೆಯದು. ನೇರಿಳೆಯಿಂದ ಆರಂಭಿಸುವುದು ಸುಲಭ, ಏಕೆಂದರೆ ಶಾಲೆ ತೆರೆದ ಕೆಲವೇ ವಾರಗಳಲ್ಲಿ ಮಕ್ಕಳ ನಾಲಗೆಯ ಬಣ್ಣವೇ ಹಣ್ಣು ಬಂದಿತೆಂದು ಸಾರುತ್ತದೆ. ಅದರ ಬೀಜವು ಒಣಗಿದರೆ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುವುದರಿಂದ ತಿಂದ ಕೂಡಲೆ ತೊಳೆದು ಬಿತ್ತಬೇಕು. ಒಂದೇ ಬೀಜದಿಂದ ಎರಡು ಮೂರು ಮೊಳಕೆಗಳು ಬರುವುದುಂಟು. ಬಲವಾದುದೊಂದನ್ನು ಉಳಿಸಿಕೊಂಡು ಮಿಕ್ಕವನ್ನು ಕಿತ್ತುಹಾಕತಕ್ಕುದು.