ಮೂತ್ರಪಿಂಡ ಸೋತರೆ ಕಾಲಿಗೇಕೆ ಜೋಮು?

ಆಡುತ್ತಿದ್ದ ಮಗುವಿನ ಕಾಲಿನಿಂದ ಚಪ್ಪಲಿ ಕಳಚಿ ಬಿದ್ದಿರುತ್ತದೆ. ಮಗುವಿಗೆ ಅದರ ಅರಿವೇ ಇರುವುದಿಲ್ಲ. ರಾತ್ರಿ ಹಾಸಿಗೆಯಲ್ಲಿ ಕಾಲು ಕೊಡವುತ್ತದೆ, 'ಪಾದದಲ್ಲಿ ಇರುವೆ ಹರಿದಾಡುತ್ತಿದೆ' ಎನ್ನುತ್ತದೆ. ಗಮನವಿಲ್ಲದ ಹುಡುಗ ಎಂದು ಅಪ್ಪ ಗದರುತ್ತಾನೆ, ಅಜ್ಜಿ ಎಣ್ಣೆ ತಿಕ್ಕುತ್ತಾಳೆ. ಆದರೆ ಆ ಮಗುವಿಗೆ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇದ್ದರೆ, ಈ ಮಾತನ್ನು ವೈದ್ಯರಿಗೆ ತಲುಪಿಸಲೇಬೇಕು.

ಮೂತ್ರಪಿಂಡಗಳು ಸೋತಾಗ ಹೊರಹೋಗಬೇಕಾದ ಕಲ್ಮಶಗಳು ರಕ್ತದಲ್ಲೇ ಉಳಿಯುತ್ತವೆ. ಅವುಗಳ ಪೆಟ್ಟು ಮೊದಲು ಬೀಳುವುದು ದೇಹದ ಅತ್ಯಂತ ಉದ್ದದ ನರಗಳ ತುದಿಗೆ, ಅಂದರೆ ಪಾದಕ್ಕೆ; ಅದೂ ಎರಡೂ ಕಾಲಿಗೆ ಒಟ್ಟಿಗೆ. ನರತಂತು ತುದಿಯಿಂದ ಸೊರಗುತ್ತಾ ಬರುತ್ತದೆ. ಅದರ ಮೇಲಿನ ಮೈಲಿನ್ ಎಂಬ ಕೊಬ್ಬಿನ ಹೊದಿಕೆ, ವಿದ್ಯುತ್ ತಂತಿಯ ಪ್ಲಾಸ್ಟಿಕ್ ಕವಚ ಕಿತ್ತುಬಂದಂತೆ, ಅಲ್ಲಲ್ಲಿ ಹಾಳಾಗುತ್ತದೆ. ಸಂದೇಶದ ವೇಗ ಕುಗ್ಗುತ್ತದೆ. ಮಕ್ಕಳ ಕಾಲು ಗಿಡ್ಡವಾದ್ದರಿಂದಲೋ ಏನೋ, ದೊಡ್ಡವರಷ್ಟು ಸ್ಪಷ್ಟವಾದ ಲಕ್ಷಣಗಳು ಅವರಲ್ಲಿ ಕಾಣುವುದು ಕಡಿಮೆ. ಹೊರಗೆ ಏನೂ ಕಾಣದಿದ್ದರೂ ಪರೀಕ್ಷೆಯಲ್ಲಿ ನರದ ವೇಗ ತಗ್ಗಿರುವುದುಂಟು.

ತಪ್ಪಿತಸ್ಥ ಯಾರು ಎಂಬ ಹುಡುಕಾಟ ಸ್ವಾರಸ್ಯಕರವಾದುದು. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯ ನೆರವಿನಿಂದ ಪದೇ ಪದೇ ಡಯಾಲಿಸಿಸ್ ಮಾಡುವ ದಾರಿ ತೆರೆದರು. ರೋಗಿಗಳು ಬದುಕಿದರು, ಆದರೆ ಕೆಲವರ ಕಾಲುಗಳು ಸೋಲತೊಡಗಿದವು. ಡಯಾಲಿಸಿಸ್ ಹೆಚ್ಚಿಸಿದಾಗ ತೊಂದರೆ ತಗ್ಗಿತು. ಅಲ್ಲಿನ ವಿಶ್ವವಿದ್ಯಾಲಯದ ಪರಮಾಣು ಎಂಜಿನಿಯರ್ ಆಲ್ಬರ್ಟ್ ಬ್ಯಾಬ್ 1964ರಲ್ಲಿ, ಕೇಂದ್ರದಲ್ಲಿ ಚಿಕಿತ್ಸೆಗೆ ಜಾಗ ಸಿಗದ ಒಬ್ಬ ಶಾಲಾ ಹುಡುಗಿಗಾಗಿ, ಮನೆಯಲ್ಲೇ ಬಳಸಬಹುದಾದ ಯಂತ್ರವನ್ನು ತಮ್ಮ ಸಂಗಡಿಗರೊಂದಿಗೆ ತಯಾರಿಸಿದವರು. ಅವರಿಗೂ ಸ್ಕ್ರಿಬ್ನರ್‌ಗೂ ಒಂದು ಒಗಟು ಎದುರಾಯಿತು. ಹೊಟ್ಟೆಯ ಒಳಪೊರೆಯ ಮೂಲಕ ಡಯಾಲಿಸಿಸ್ ಪಡೆಯುತ್ತಿದ್ದವರ ರಕ್ತದಲ್ಲಿ ಯೂರಿಯಾ ಹೆಚ್ಚಿದ್ದರೂ ನರದ ತೊಂದರೆ ಕಡಿಮೆ! ಹಾಗಾದರೆ ಯೂರಿಯಾ ಅಪರಾಧಿಯಲ್ಲ. ಯಂತ್ರದ ಜರಡಿಯಲ್ಲಿ ಸುಲಭವಾಗಿ ಸೋಸಿಹೋಗದ, ಆದರೆ ಹೊಟ್ಟೆಯ ಪೊರೆ ದಾಟಬಲ್ಲ 'ಮಧ್ಯಮ ಗಾತ್ರದ ಅಣು'ಗಳಿರಬೇಕು ಎಂದು ಅವರು ತರ್ಕಿಸಿದರು. ಇಂಥದೇ ಅಣು ಎಂದು ಬೊಟ್ಟುಮಾಡಿ ತೋರಿಸಲು ಮಾತ್ರ ಇಂದಿಗೂ ಸಾಧ್ಯವಾಗಿಲ್ಲ.

2000ದ ನಂತರ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಅರುಣ್ ಕೃಷ್ಣನ್ ಮತ್ತು ಮ್ಯಾಥ್ಯೂ ಕೀರ್ನನ್ ಇನ್ನೊಂದು ಸುಳಿವು ಹಿಡಿದರು: ಪೊಟ್ಯಾಸಿಯಂ. ರಕ್ತದಲ್ಲಿ ಅದು ಏರಿದರೆ ನರದ ಪೊರೆಯ ವಿದ್ಯುತ್ ಸ್ಥಿತಿ ಕೆಡುತ್ತದೆ. ಡಯಾಲಿಸಿಸ್ ಮುಗಿದೊಡನೆ ಸುಧಾರಿಸುತ್ತದೆ. ನಮ್ಮ ಕಡೆ ಕಾಯಿಲೆಯ ಮಗುವಿಗೆ ಮೊದಲು ಕೊಡುವುದೇ ಎಳನೀರು ಮತ್ತು ಬಾಳೆಹಣ್ಣು. ಎರಡರಲ್ಲೂ ಪೊಟ್ಯಾಸಿಯಂ ಧಾರಾಳ. ಮೂತ್ರಪಿಂಡ ಸೋತ ಮಗುವಿಗೆ ಈ ಪ್ರೀತಿಯೇ ಕುತ್ತಾಗಬಹುದು. ಹೃದಯಕ್ಕಂತೂ ನರಕ್ಕಿಂತ ಮೊದಲೇ ಅಪಾಯ.

ಔಷಧಗಳ ಪಾಲೂ ಇದೆ. ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫ್ಯುರಾಂಟಾಯಿನ್, ಮೂತ್ರಪಿಂಡ ದುರ್ಬಲವಾಗಿದ್ದರೆ ದೇಹದಲ್ಲಿ ಉಳಿದು ನರಗಳನ್ನು ಸುಡಬಲ್ಲದು. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಮಾತ್ರೆ ತರುವ ಅಭ್ಯಾಸ ಇಲ್ಲಿ ದುಬಾರಿ. ಕ್ಷಯಕ್ಕೆ ಐಸೋನಿಯಾಜಿಡ್ ಕೊಡುವಾಗ ಜೊತೆಗೆ ಬಿ6 ಜೀವಸತ್ವ ಬೇಕು. ಡಯಾಲಿಸಿಸ್ ನೀರಿನೊಂದಿಗೆ ಬಿ ಗುಂಪಿನ ಜೀವಸತ್ವಗಳೂ ತೊಳೆದುಹೋಗುತ್ತವೆ.

ಪತ್ತೆಗೆ ಬೇಕಾದ ಮೊದಲ ಸಲಕರಣೆ ಬಹಳ ಸರಳ. ಶಾಲಾ ಪ್ರಯೋಗಾಲಯದ ಶ್ರುತಿಕವೆಯ ಬಂಧು, ಸೆಕೆಂಡಿಗೆ 128 ಬಾರಿ ಕಂಪಿಸುವಂಥದ್ದು. ಅದನ್ನು ಕಾಲಿನ ಹೆಬ್ಬೆರಳಿಗೆ ತಾಗಿಸಿ 'ಗುಂಯ್ ಅನ್ನುತ್ತದೆಯೇ?' ಎಂದು ಕೇಳುತ್ತಾರೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಪುಟ್ಟ ಸುತ್ತಿಗೆ ತಟ್ಟಿ ಪಾದ ಜಿಗಿಯುವುದೇ ಎಂದು ನೋಡುತ್ತಾರೆ. ಆಮೇಲೆ ವಿದ್ಯುತ್ ಪರೀಕ್ಷೆ. ನವಜಾತ ಶಿಶುವಿನ ನರದ ವೇಗ ದೊಡ್ಡವರ ಅರ್ಧದಷ್ಟು; 3ರಿಂದ 5 ವರ್ಷದೊಳಗೆ ಅದು ದೊಡ್ಡವರ ಮಟ್ಟ ಮುಟ್ಟುತ್ತದೆ. ಆದ್ದರಿಂದ ಮಗುವಿನ ಫಲಿತಾಂಶವನ್ನು ಅದರ ವಯಸ್ಸಿಗೆ ಹೋಲಿಸಿಯೇ ಓದಬೇಕು.

ಸಾಕಷ್ಟು ಡಯಾಲಿಸಿಸ್ ಸಾಮಾನ್ಯವಾಗಿ ಹಾನಿಯನ್ನು ತಡೆದು ನಿಲ್ಲಿಸುತ್ತದೆ. ನರ ನಿಜವಾಗಿ ಚೇತರಿಸುವುದು ಮೂತ್ರಪಿಂಡದ ಕಸಿ ಯಶಸ್ವಿಯಾದಾಗ. ಮೈಲಿನ್ ಹೊದಿಕೆ ಕೆಲವು ತಿಂಗಳಲ್ಲೇ ರಿಪೇರಿಯಾಗಿ ಸ್ಪರ್ಶಜ್ಞಾನ ಮರಳತೊಡಗುತ್ತದೆ. ತುಂಡಾದ ತಂತು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಎಂಟು ವರ್ಷದ ಮಗುವಿನ ಮೊಣಕಾಲಿನಿಂದ ಪಾದಕ್ಕೆ 30 ಸೆಂಟಿಮೀಟರ್ ಎಂದುಕೊಂಡರೆ, ಆ ದಾರಿ ಸವೆಯಲು ಹತ್ತು ತಿಂಗಳು.