ಕಂಪ್ಯೂಟರಿಗೂ ಒಂದು ಕಾವಲು ನಾಯಿ

ಪ್ರಶ್ನೆ: ಕಂಪ್ಯೂಟರಿನೊಳಗೆ ಗೂಢಚಾರ ತಂತ್ರಾಂಶ ಹೊಕ್ಕರೆ ಕಾವಲು ತಂತ್ರಾಂಶಕ್ಕೆ ಅದು ಹೇಗೆ ಗೊತ್ತಾಗುತ್ತದೆ?
– ಓದುಗರೊಬ್ಬರು, ಅಕ್ಕೋಳ, ನಿಪ್ಪಾಣಿ ತಾಲ್ಲೂಕು

ತೋಟದ ಮನೆಯ ನಾಯಿಗೆ ಊರಿನ ಕಳ್ಳರೆಲ್ಲರ ಪರಿಚಯ ಇರುವುದಿಲ್ಲ. ಮನೆಯವರು ಗೊತ್ತು, ಅಷ್ಟೇ. ಬೇರೆ ಯಾರು ಗೇಟು ದಾಟಿದರೂ ಬೊಗಳುತ್ತದೆ. ಕಾವಲು ತಂತ್ರಾಂಶವೂ ಹಾಗೇ.

ಗೂಢಚಾರ ತಂತ್ರಾಂಶ ಒಮ್ಮೆ ಓಡಿದರೆ ಸಾಲದು; ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ತಾನೂ ಏಳಬೇಕು. ಅದಕ್ಕಾಗಿ ವಿಂಡೋಸ್‌ನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಸಾಮಾನ್ಯವಾಗಿ ತನ್ನ ಹೆಸರು ತೂರಿಸುತ್ತದೆ. ಕಾವಲು ತಂತ್ರಾಂಶ ಆ ಪಟ್ಟಿಯ ನಕಲು ಇಟ್ಟುಕೊಂಡು ಆಗಾಗ ತಾಳೆ ನೋಡುತ್ತದೆ. ಹೊಸ ಹೆಸರು ಕಂಡರೆ ‘ಇದನ್ನು ಬಿಡಲೇ?’ ಎಂದು ನಿಮ್ಮನ್ನೇ ಕೇಳುತ್ತದೆ. ವಿನ್‌ಪೆಟ್ರೋಲ್ ಎಂಬ ಹಳೆಯ ತಂತ್ರಾಂಶದಲ್ಲಂತೂ ಸ್ಕಾಟಿ ಎಂಬ ನಾಯಿಯೇ ಬೊಗಳುತ್ತಿತ್ತು! ಎಡವಟ್ಟಾಗುವುದು ಇಲ್ಲೇ: ಓದದೆ, ಬೇಸರದಿಂದ ‘ಯೆಸ್’ ಒತ್ತಿಬಿಟ್ಟರೆ ನಾಯಿ ಬಾಲ ಮುದುರಿ ಮಲಗುತ್ತದೆ.

ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಕಾವಲು ತಂತ್ರಾಂಶ ಜೊತೆಗೇ ಬರುತ್ತದೆ. ಅದರ ಬಳಿ ಗೊತ್ತಿರುವ ಕಳ್ಳರ ಗುರುತಿನ ಪಟ್ಟಿಯೂ ಉಂಟು. ಆ ಪಟ್ಟಿ ಹಳೆಯದಾಗದಂತೆ ಅಪ್‌ಡೇಟ್ ನಿಲ್ಲಿಸಬೇಡಿ. ಈಗಾಗಲೇ ಏನೋ ಒಳಗೆ ಸೇರಿದೆ ಎಂಬ ಅನುಮಾನವಿದ್ದರೆ, ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಅದನ್ನು ಹುಡುಕಿ ತೆಗೆಯುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ.