ನಲ್ಗೊಂಡದ ನೆಲದಲ್ಲಿ ಒಬ್ಬ ದೇವರ ಮಗ!

ಊಹಿಸಿ ನೋಡೋಣ! ಒಂದು ಬೆಳ್ಳಿ ನಾಣ್ಯ. ನಾಲ್ಕು ಗ್ರಾಂ ಕೂಡ ತೂಗದು. ನಮ್ಮ ಒಂದು ರೂಪಾಯಿಗಿಂತ ಚಿಕ್ಕದು. ಸಿಕ್ಕಿದ್ದು ಹೈದರಾಬಾದಿನ ಪಕ್ಕದ ನಲ್ಗೊಂಡ ಸೀಮೆಯ ಅಕ್ಕನಪಲ್ಲಿಯಲ್ಲಿ. ಮೇಲಿರುವ ಮುಖ ಯಾರದು? ಶಾತವಾಹನ ದೊರೆಯದೇ? ಅಲ್ಲ. ಅಶೋಕನದೇ? ಅಲ್ಲವೇ ಅಲ್ಲ!

ರೋಮ್ ಚಕ್ರವರ್ತಿ ಟೈಬೀರಿಯಸ್‌ನದು!

ಅಂಥವು ಎಷ್ಟು ಸಿಕ್ಕಿರಬಹುದು? ಹತ್ತು? ನೂರು? ಇನ್ನೂ ಮೇಲೆ ಹೋಗಿ. ಒಂದೇ ನಿಧಿಯಲ್ಲಿ ರೋಮಿನ 1,531 ಬೆಳ್ಳಿ ನಾಣ್ಯಗಳು! ನಾಣ್ಯಶಾಸ್ತ್ರಜ್ಞ ಪಿ.ಎಲ್. ಗುಪ್ತಾ ಅಂದಿನ ಆಂಧ್ರಪ್ರದೇಶದಲ್ಲಿ ಸಿಕ್ಕ ರೋಮನ್ ನಾಣ್ಯಗಳಿಗೆಂದೇ ಒಂದು ಪುಸ್ತಕ ಬರೆದರು. ಅದು 1965ರಲ್ಲಿ ಹೈದರಾಬಾದಿನಿಂದಲೇ ಹೊರಬಂತು.

ಆದರೆ ಲೆಕ್ಕ ಬಿಡಿ. ಅಕ್ಷರ ನೋಡಿ! ಟೈಬೀರಿಯಸ್‌ನ ತಲೆಯ ಸುತ್ತ ಪುಟ್ಟ ಲ್ಯಾಟಿನ್ ಅಕ್ಷರಗಳು ಸಾಲುಗಟ್ಟಿವೆ. ಏನು ಹೇಳುತ್ತವೆ ಗೊತ್ತೇ? ಈತ ದೈವವಾದ ಅಗಸ್ಟಸ್‌ನ, ಅಂದರೆ ಹಿಂದಿನ ಚಕ್ರವರ್ತಿಯ ಮಗ! ತಿರುಗಿಸಿ. ಆಸನದಲ್ಲಿ ಕೂತ ಒಬ್ಬ ಹೆಂಗಸು, ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ಎಲೆಯ ಕೊಂಬೆ. ಅವಳ ಎಡಬಲಕ್ಕೆ ಚಕ್ರವರ್ತಿಯ ಇನ್ನೊಂದು ಬಿರುದು: ಮಹಾಪುರೋಹಿತ! ದೇವರ ಮಗನೂ ಅವನೇ, ಪುರೋಹಿತರ ಯಜಮಾನನೂ ಅವನೇ!

ಸರಿ, ರೋಮಿನಲ್ಲಿ ಮನುಷ್ಯ ದೇವರಾಗುವುದು ಹೇಗೆ? ತಪಸ್ಸಿನಿಂದಲೇ? ಪವಾಡದಿಂದಲೇ?

ಸಭೆಯ ನಿರ್ಣಯದಿಂದ! ಸೆನೆಟ್ ಎಂಬ ಹಿರಿಯರ ಸಭೆ ಕೂಡಬೇಕು, ಒಪ್ಪಬೇಕು, ಅಷ್ಟೇ. ಜೂಲಿಯಸ್ ಸೀಸರ್ ಕೊಲೆಯಾದ ವರ್ಷ ಆಕಾಶದಲ್ಲಿ ಏಳು ದಿನ ಧೂಮಕೇತು ಬೆಳಗಿತು. ಅದೇ ಅವನ ಆತ್ಮ ಎಂದು ಜನ ನಂಬಿದರು. ಕ್ರಿ.ಪೂ. 42ರಲ್ಲಿ ಸೀಸರ್ ಅಧಿಕೃತವಾಗಿ ದೇವರಾದ. ಅಗಸ್ಟಸ್ ತೀರಿಕೊಂಡದ್ದು ಕ್ರಿ.ಶ. 14ರ ಆಗಸ್ಟ್ 19ರಂದು. ದೇವರಾದದ್ದು ಸೆಪ್ಟೆಂಬರ್ 17ರಂದು. ತಿಂಗಳು ತುಂಬುವುದರೊಳಗೆ!

ಸಾಕ್ಷಿ ಬೇಡವೇ? ಅದೂ ಇತ್ತು! ಅಗಸ್ಟಸ್ ಸ್ವರ್ಗಕ್ಕೇರುವುದನ್ನು ಕಣ್ಣಾರೆ ಕಂಡೆ ಎಂದು ನ್ಯೂಮೀರಿಯಸ್ ಅಟಿಕಸ್ ಎಂಬ ಸೆನೆಟರ್ ಆಣೆ ಮಾಡಿದ. ಅಗಸ್ಟಸ್‌ನ ರಾಣಿ ಲಿವಿಯಾ ಅವನಿಗೆ ಕೊಟ್ಟ ಇನಾಮು ಎಷ್ಟು? ಇತಿಹಾಸಕಾರ ಡಿಯೋ ಬರೆದಿಟ್ಟಿದ್ದಾನೆ. ನಮ್ಮ ಅಕ್ಕನಪಲ್ಲಿಯ ಅಳತೆಯ ಬೆಳ್ಳಿ ನಾಣ್ಯಗಳಲ್ಲೇ ಹೇಳುವುದಾದರೆ ಎರಡೂವರೆ ಲಕ್ಷ!

ಇನ್ನೂ ಸೋಜಿಗ ಕೇಳಿ. ಕ್ರಿ.ಶ. 25ರಲ್ಲಿ ಸ್ಪೇನಿನವರು ಟೈಬೀರಿಯಸ್‌ಗೇ ಗುಡಿ ಕಟ್ಟುತ್ತೇವೆಂದು ಅನುಮತಿ ಕೇಳಿದರು. ನಾಣ್ಯದ ತುಂಬ ದೇವರ ಮಗನೆಂದು ಮೆರೆದವನು ಏನೆಂದ? ಬೇಡ, ನಾನು ಸಾಯುವ ಮನುಷ್ಯ ಎಂದ! ನನಗಂತೂ ಈ ಒಂದು ಮಾತಿಗೆ ಟೈಬೀರಿಯಸ್ ಬಹಳ ದೊಡ್ಡವನಾಗಿ ಕಾಣುತ್ತಾನೆ.

ಈಗ ಅದೇ ರೋಮಿನ ಇನ್ನೊಂದು ಮನೆಗೆ ಬನ್ನಿ. ಟೈಬೀರಿಯಸ್‌ನ ಆಳ್ವಿಕೆಯಲ್ಲೇ ಬೆಳೆದ ಸೆನೆಕಾ, ಸ್ಟೋಯಿಕ್ ತತ್ತ್ವಜ್ಞಾನಿ. ಅವನ ದೇವರು ಎಲ್ಲಿದ್ದಾನೆ? ಗುಡಿಯಲ್ಲಿ? ಸೆನೆಟ್ಟಿನ ಕಡತದಲ್ಲಿ? ಇಲ್ಲ! ನಿನ್ನ ಪಕ್ಕದಲ್ಲಿದ್ದಾನೆ, ನಿನ್ನೊಳಗೇ ಇದ್ದಾನೆ, ಆಕಾಶದತ್ತ ಕೈ ಎತ್ತಬೇಕಾಗಿಲ್ಲ ಎಂದು ಗೆಳೆಯ ಲೂಸಿಲಿಯಸ್‌ಗೆ ಪತ್ರ ಬರೆದ. ಗುಲಾಮನೊಳಗೂ ಅದೇ ದೇವರು ನೆಲೆಸಬಹುದೆಂದ! ಸ್ಟೋಯಿಕರಿಗೆ ದೇವರೆಂದರೆ ಕಲ್ಲು, ಗಿಡ, ನಕ್ಷತ್ರ, ಮನುಷ್ಯ ಎಲ್ಲದರಲ್ಲೂ ಹರಿಯುವ ಬಿಸಿಯುಸಿರು, ವಿವೇಕವುಳ್ಳ ಬೆಂಕಿ. ಒಂದು ದಿನ ಇಡೀ ವಿಶ್ವ ಆ ಬೆಂಕಿಯಲ್ಲೇ ಕರಗುತ್ತದೆ. ಮತ್ತೆ ಹುಟ್ಟುತ್ತದೆ!

ಕನ್ನಡಿಗರಿಗೆ ಮೈ ಜುಮ್ಮೆನ್ನುವುದಿಲ್ಲವೇ? ದೇಹದಲ್ಲೇ ದೇವರನ್ನು ಕಂಡ ಶರಣರು ಕಲ್ಯಾಣದಲ್ಲಿ ಸೇರಿದ್ದು 12ನೇ ಶತಮಾನದಲ್ಲಿ. ಆ ಕಲ್ಯಾಣ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಸೆನೆಕಾನ ಪತ್ರಗಳಿಗೂ ಶರಣರಿಗೂ ನಡುವೆ ಸಾವಿರದ ನೂರು ವರ್ಷ. ಒಬ್ಬರು ಇನ್ನೊಬ್ಬರಿಂದ ಕಲಿತರೆಂದು ನಾನು ಹೇಳುತ್ತಿಲ್ಲ. ಅದಕ್ಕೇ ಅಲ್ಲವೇ ಬೆರಗು!

ಇಷ್ಟು ಹೊತ್ತು ಬಚ್ಚಿಟ್ಟುಕೊಂಡಿದ್ದ ಸಂಗತಿ ಈಗ. ಈ ಸೆನೆಕಾ ಭಾರತದ ಬಗ್ಗೆಯೇ ಒಂದು ಗ್ರಂಥ ಬರೆದಿದ್ದ! ಹೌದು, ನಮ್ಮ ದೇಶದ ಬಗ್ಗೆ! ಅದರಲ್ಲಿ 60 ನದಿಗಳನ್ನೂ 118 ಜನಾಂಗಗಳನ್ನೂ ಲೆಕ್ಕ ಹಾಕಿದ್ದನಂತೆ. ಹೇಳುವವನು ರೋಮಿನ ಲೇಖಕ ಪ್ಲಿನಿ. ಅಯ್ಯೋ, ಗ್ರಂಥ ಉಳಿದಿಲ್ಲ! ಆದರೆ ಪ್ಲಿನಿಯ ಪುಸ್ತಕ ಉಳಿದಿದೆ. ಅದರಲ್ಲಿ ಯಾರಿದ್ದಾರೆ ಗೊತ್ತೇ? ಆಂಧ್ರರು! ಕೋಟೆ ಕಟ್ಟಿದ 30 ಪಟ್ಟಣ, ಒಂದು ಲಕ್ಷ ಕಾಲಾಳು, 2,000 ಕುದುರೆ, 1,000 ಆನೆ!

ಮುಂದಿನ ಸಲ ಹೈದರಾಬಾದಿಗೆ ಹೋದಾಗ ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ರಾಜ್ಯ ವಸ್ತುಸಂಗ್ರಹಾಲಯಕ್ಕೆ ಹೋಗಿ. ಈಜಿಪ್ಟಿನ ಮಮ್ಮಿ ನೋಡಿ ಹಾಗೇ ವಾಪಸಾಗಬೇಡಿ, ರೋಮನ್ ನಾಣ್ಯಗಳನ್ನು ಕೇಳಿ. ಬೆಂಗಳೂರಿನವರೇ, ನಿಮ್ಮೂರಿಗೂ ಈ ದೇವರ ಮಕ್ಕಳು ಬಂದಿದ್ದರು! 1891ರಲ್ಲಿ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯ, 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಇನ್ನೂ 256!